ಯಾರ ಮಗಳು ಎಂದು ಕೇಳಬಾರದ ಮನೆ

ಹೊರಡುವ ಮುನ್ನ

ಈ ದೇಶದ ಕಾನೂನು ನನಗೆ ಮೊದಲು ಪರಿಚಯವಾದದ್ದು ಗಸಗಸೆಯಿಂದ. ಅಬುಧಾಬಿಯಲ್ಲಿರುವ ನನ್ನ ತಂಗಿ ಸುಮಂಗಲಾಗೆ ಗಸಗಸೆ ಪಾಯಸವೆಂದರೆ ಜೀವ. ಅಲ್ಲಿ ಅದು ಸಿಗುವುದಿಲ್ಲ ಎಂದು ಅವಳು ಹಿಂದೆಂದೋ ಅಂದದ್ದು ನೆನಪಿತ್ತು. ಯಾಕೆ ಸಿಗುವುದಿಲ್ಲ ಎಂದು ಕೇಳುವ ಬುದ್ಧಿ ಮಾತ್ರ ನನಗೆ ಬರಲಿಲ್ಲ. ವಿಮಾನ ನಿಲ್ದಾಣದ ಬಾಗಿಲಲ್ಲಿ ನಿಂತು ಏನೇನು ತರುತ್ತಿದ್ದೇನೆ ಎಂದು ಫೋನಿನಲ್ಲಿ ಹೆಮ್ಮೆಯಿಂದ ಒಪ್ಪಿಸುವಾಗ ಅವಳ ಗಂಡ ಚಂದ್ರಶೇಖರ ಫೋನ್ ಕಸಿದುಕೊಂಡ. "ಅಕ್ಕಾರ, ಆ ಪೊಟ್ಣ ತಗದು ಅಲ್ಲೇ ಕಸದ ಬುಟ್ಟ್ಯಾಗ ಹಾಕ್ರಿ. ಇಲ್ಲಿ ಅದನ್ನ ಅಫೀಮಿನ ಸಾಲಿನ್ಯಾಗ ಹಿಡೀತಾರ. ಆಮ್ಯಾಲೆ ನಿಮ್ಮನ್ನ ಬಿಡಸಾಕ ನನ್ನಿಂದ ಆಗೂದಿಲ್ಲ."

ಜೀವಮಾನವೆಲ್ಲ ಗದಗ ಜಿಲ್ಲೆಯ ಶಾಲೆಗಳಲ್ಲಿ ಮಕ್ಕಳಿಗೆ ನೀತಿ ಹೇಳಿದ ಮುಖ್ಯೋಪಾಧ್ಯಾಯಿನಿ ನಾನು, ಸಾವಿರ ಜನರ ನಡುವೆ ನೆಲದ ಮೇಲೆ ಸೂಟ್‌ಕೇಸ್ ಬಿಚ್ಚಿ, ಒಳಲಂಗಗಳ ಮಧ್ಯದಿಂದ ಗಸಗಸೆ ಹುಡುಕಿ ತೆಗೆದೆ. ನಾಚಿಕೆಗಿಂತ ಹೆಚ್ಚಾಗಿ ಹೊಟ್ಟೆ ಉರಿಯಿತು. ಅದೆಷ್ಟು ಆರಿಸಿ, ಬಿಸಿಲಿಗೆ ಹಾಕಿ ತಂದದ್ದು.

ನಿವೃತ್ತಿಯ ಮೇಲೆ ಕೆಲವು ವರ್ಷ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯಲ್ಲೂ ಕೂತಿದ್ದೆ. ಬಾಲ್ಯವಿವಾಹ ತಪ್ಪಿಸುವುದು, ಮನೆ ಬಿಟ್ಟ ಮಕ್ಕಳಿಗೆ ನೆಲೆ ಹುಡುಕುವುದು, ಹೆತ್ತವರ ಕೈಯಲ್ಲಿ ಬೈಸಿಕೊಳ್ಳುವುದು, ಇಷ್ಟು ನಮ್ಮ ಕೆಲಸ. ಒಂದಿಷ್ಟು ದಿನ ಯಾರ ಉಸಾಬರಿಯೂ ಬೇಡ ಎಂದುಕೊಂಡೇ ಈ ಪ್ರವಾಸಕ್ಕೆ ಹೊರಟಿದ್ದೆ. ಆದರೆ ನಾನು ಹೋಗುವ ಕಡೆಗೆಲ್ಲ ನನ್ನ ಮೂಗು ನನಗಿಂತ ಮೊದಲು ಹೋಗಿರುತ್ತದೆ ಎಂದು ತಂಗಿ ಹೇಳುತ್ತಾಳೆ, ಅದೂ ಸುಳ್ಳಲ್ಲ.

ದೇರಾ

ದುಬೈಯಲ್ಲಿ ಇಳಿದವಳನ್ನು ತಂಗಿ ನೇರ ಮನೆಗೆ ಕರೆದೊಯ್ಯಲಿಲ್ಲ. ದೇರಾದ ಚಿನ್ನದ ಬಜಾರ ತೋರಿಸಿಯೇ ಮುಂದಿನ ಮಾತು ಎಂದಳು. ಬಂಗಾರದ ಅಂಗಿಯನ್ನೇ ಹೊಲಿದು ಗಾಜಿನೊಳಗೆ ನೇತುಹಾಕಿದ್ದಾರೆ. ಅದನ್ನು ಯಾರು ತೊಡುತ್ತಾರೆ, ತೊಟ್ಟವರು ಕೂರುವುದು ಹೇಗೆ ಎಂದು ನಾನು ಯೋಚಿಸುತ್ತ ನಿಂತೆ.

ನಾವು ಹೊಕ್ಕ ಅಂಗಡಿಯ ಯಜಮಾನರು ಕಾಸರಗೋಡಿನವರು, ಕನ್ನಡ ಚೆನ್ನಾಗಿ ಬರುತ್ತಿತ್ತು. ನಮ್ಮ ಪಕ್ಕದಲ್ಲಿ ಕಪ್ಪು ನಿಲುವಂಗಿಯ ಇಬ್ಬರು ಹೆಂಗಸರು ಕೂತು ಒಂದೇ ನಮೂನೆಯ ಬಳೆ ನೋಡುತ್ತಿದ್ದರು. ಆಚೆ ಬದಿಯಲ್ಲಿ ಒಬ್ಬ ಗಂಡಸು ಫೋನ್ ನೋಡುತ್ತ ಕೂತಿದ್ದ. ಅವರು ಹೋದ ಮೇಲೆ ಯಜಮಾನರು ಹೇಳಿದರು. "ಇಬ್ಬರೂ ಆಚೆ ಕೂತಿದ್ದವರ ಹೆಂಡತಿಯರು, ಟೀಚರ್. ಹಳೇ ಗಿರಾಕಿಗಳು. ಒಂದು ಮನೆಗೆ ಒಂದು ಬಳೆ ಹೋದರೆ ಇನ್ನೊಂದು ಮನೆಗೂ ಅದೇ ತೂಕದ್ದು ಹೋಗಬೇಕು. ಅವರ ಧರ್ಮವೇ ಹಾಗೆ ಹೇಳುತ್ತದಂತೆ, ಸಮ ಮಾಡಲಿಕ್ಕೆ ಆಗದವನು ಎರಡನೆಯದಕ್ಕೆ ಹೋಗಬಾರದು ಅಂತ."

ನಮ್ಮಲ್ಲಿ ಇಬ್ಬರು ಸೊಸೆಯರಿಗೆ ಸೀರೆ ತರುವ ಅತ್ತೆಯರು ಇಷ್ಟು ಎಚ್ಚರ ವಹಿಸಿದ್ದರೆ ಎಷ್ಟೋ ಮನೆ ಒಡೆಯುತ್ತಿರಲಿಲ್ಲ ಎಂದುಕೊಂಡೆ. ಹಾಗೆಂದು ಅದನ್ನು ಒಪ್ಪಿದೆ ಎಂದಲ್ಲ. ತೂಕಕ್ಕೆ ಸಿಗುವುದು ಬಳೆ ಮಾತ್ರ.

ಅಲ್ಲಿಂದ ಅಬ್ರಾ ಎಂಬ ಪುಟ್ಟ ದೋಣಿ ಹತ್ತಿಸಿ ಕಾಲುವೆ ದಾಟಿಸಿದರು. ಇಳಿಯುವಾಗ ಎಲ್ಲರೂ ಯಲ್ಲಾ ಯಲ್ಲಾ ಎಂದು ಅವಸರ ಮಾಡಿದರು, ನನ್ನ ಎಡಗಾಲಿನ ಚಪ್ಪಲಿ ನೀರು ಪಾಲಾಯಿತು. ದೋಣಿಯವನು ಇಣುಕಿ ನೋಡಿ, ಕೈಯಾಡಿಸಿ, "ಖಲಾಸ್" ಎಂದ. ಆ ಮಾತಿನ ಅರ್ಥ ಯಾರೂ ಹೇಳಬೇಕಾಗಲಿಲ್ಲ. ಉಳಿದೊಂದನ್ನೂ ಅಲ್ಲೇ ಬಿಟ್ಟು, ಅಬುಧಾಬಿಯ ಹೊರವಲಯದ ಬನಿಯಾಸಿಗೆ ನಾನು ಬರಿಗಾಲಲ್ಲಿ ಬಂದು ಇಳಿದೆ.

ಬನಿಯಾಸ್, ಹಿಂದಿನ ಮನೆ

ಗೇಟಿನೊಳಗೆ ದೊಡ್ಡ ಬೇವಿನ ಮರ. ಅದನ್ನು ಕಂಡು ಜೀವ ತಂಪಾಯಿತು. ಮರಳುಗಾಡಿನಲ್ಲಿ ಬೇವು ಇರುತ್ತದೆಂದು ನನಗೆ ಯಾರೂ ಹೇಳಿರಲಿಲ್ಲ. ಇದ್ದ ಒಂದೇ ಬಂಗಲೆಯನ್ನು ಗೋಡೆ ಹಾಕಿ ಹಾಕಿ ಹಲವು ಸಂಸಾರಗಳಿಗೆ ಬಾಡಿಗೆ ಕೊಟ್ಟಿದ್ದರು. ಮಹಡಿಯಲ್ಲಿ ನನ್ನ ತಂಗಿ. ಕೆಳಗೆ ಉಡುಪಿ ಕಡೆಯ ಲಿಲ್ಲಿ, ಆಸ್ಪತ್ರೆಯಲ್ಲಿ ನರ್ಸು. ಹಿತ್ತಲಲ್ಲಿ ಮುಲ್ಹಕ್, ಅಂದರೆ ಹಿಂದೆಲ್ಲ ಆಳುಕಾಳುಗಳಿಗೆಂದು ಕಟ್ಟಿಸಿದ ಸಣ್ಣ ಮನೆ. ಅದರಲ್ಲಿದ್ದ ಸಂಸಾರ ಮಾತ್ರ ಎಲ್ಲರದಕ್ಕಿಂತ ದೊಡ್ಡದು.

ನಾನು ಬರಿಗಾಲಲ್ಲಿ ಕಾರಿನಿಂದ ಇಳಿಯುವುದನ್ನು ಆ ಮನೆಯ ಹೆಣ್ಣುಮಗಳೊಬ್ಬಳು ನೋಡಿದಳು. ಏನೂ ಕೇಳದೆ ಒಳಹೋಗಿ ಒಂದು ಜೊತೆ ಚಪ್ಪಲಿ ತಂದು ನನ್ನ ಕಾಲ ಬಳಿ ಇಟ್ಟಳು. "ಹಾಕ್ಕೋರಿ. ಹರಳು ಚುಚ್ಚತಾವ." ಅಪ್ಪಟ ನಮ್ಮ ಕಡೆಯ ಕನ್ನಡ. ಹೆಸರು ಪೀರವ್ವ, ಊರು ವಿಜಯಪುರದ ಆಚೆ ಗಡಿಯ ಹಳ್ಳಿ. ಅವಳ ಸೊಂಟದ ಮೇಲೆ ನಾಲ್ಕೈದು ವರ್ಷದ ಹುಡುಗಿ ಚಿನ್ನಿ, ಇಳಿದು ನಡೆಯುವ ವಯಸ್ಸಾದರೂ ಇಳಿಯಲೊಲ್ಲದು.

ನಮ್ಮ ಕಡೆ ಮಗು ಕಂಡರೆ ಕೇಳುವ ಮೊದಲ ಮಾತು ಒಂದೇ. ನಾನೂ ಕೇಳಿದೆ. "ಯಾರ ಮಗಳವಾ ನೀನು?"

ಪೀರವ್ವನ ಮುಖ ಸಣ್ಣದಾಯಿತು. ಚಿನ್ನಿ ಮಾತ್ರ ಪಾಠ ಒಪ್ಪಿಸಿದಂತೆ ಹೇಳಿತು. "ದೊಡ್ಡವ್ವಂದು, ನಡುವಿನವ್ವಂದು, ಸಣ್ಣವ್ವಂದು."

"ನಮ್ಮ ಮನ್ಯಾಗ ಹಂಗ ಕೇಳಬಾರದ್ರಿ ಅಕ್ಕಾರ," ಎಂದಳು ಪೀರವ್ವ, ಮೆಲ್ಲಗೆ.

ಇವರದು ಒಂದೊಲೆಯವರ ಪಂಥ. ನೀವು ಕೇಳಿರಲಿಕ್ಕಿಲ್ಲ, ನಾನೂ ಕೇಳಿರಲಿಲ್ಲ. ಗಡಿಯ ಕೆಲವೇ ಹಳ್ಳಿಗಳಲ್ಲಿ ಇದ್ದಾರಂತೆ. ಪೂಜೆಯೂ ಅವರದೇ, ಪ್ರಾರ್ಥನೆಯೂ ಅವರದೇ, ಯಾವ ಧರ್ಮದ ಲೆಕ್ಕಕ್ಕೂ ಪೂರ್ತಿ ಸಿಗುವುದಿಲ್ಲ. ಗಂಡಸು ಎರಡು ಮೂರು ಮದುವೆಯಾಗಬಹುದು, ಆದರೆ ಒಲೆ ಒಂದೇ ಇರಬೇಕು. ಹುಟ್ಟಿದ ಮಕ್ಕಳು ಆ ಒಲೆಯ ಮಕ್ಕಳು. ಹೆತ್ತವಳು ಯಾರೆಂದು ಎಲ್ಲರಿಗೂ ಗೊತ್ತು, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. "ಇದು ನನ್ನ ಮಗು" ಎಂದು ಯಾವಳಾದರೂ ಅಂದಳೋ, ಅವಳು ಒಲೆ ಬಿಡಬೇಕು. ಬೇರೆ ಬೇಯಿಸಿಕೊಳ್ಳಬೇಕು. ಅವಳ ಕೈಯ ಊಟವನ್ನು ಮನೆಯವರು ಉಣ್ಣುವುದಿಲ್ಲ, ಉಳಿದ ಮಕ್ಕಳು ಅವಳನ್ನು ಅವ್ವ ಎನ್ನುವುದಿಲ್ಲ.

ಇದನ್ನೆಲ್ಲ ನನಗೆ ಹೇಳಿದ್ದು ದೊಡ್ಡವ್ವ, ಹಿರಿಯ ಹೆಂಡತಿ. ಪೀರವ್ವ ನಡುವಿನವಳು, ಸಣ್ಣವ್ವ ಕಿರಿಯಳು. ಮೂರನೆಯ ದಿನಕ್ಕೇ ನಾನು ಅವರ ಅಂಗಳದಲ್ಲಿ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದೆ. ಇದೆಂಥ ಕಟ್ಟಳೆ, ಹೆತ್ತವಳ ಬಾಯಿ ಕಟ್ಟುವುದು ಎಂದು ನಾನು ಕೇಳಿಯೇಬಿಟ್ಟೆ. ಅವಳು ಸಿಟ್ಟಾಗಲಿಲ್ಲ.

"ನನಗ ಹೊಟ್ಟಿ ತೆರೀಲಿಲ್ರಿ," ಎಂದಳು. "ಬ್ಯಾರೆ ಮನ್ಯಾಗ ಆಗಿದ್ರ ಗೊಡ್ಡಿ ಅಂತ ಮೂಲ್ಯಾಗ ಕುಂದರಸ್ತಿದ್ರು, ಶುಭಕಾರ್ಯಕ್ಕ ಮುಂದ ಬರಗೊಡತಿರಲಿಲ್ಲ. ಇಲ್ಲಿ ಏಳು ಮಕ್ಕಳು ನನಗ ಅವ್ವಾ ಅಂತಾವ. ನೀವ ಹೇಳ್ರಿ, ನಾ ಯಾವ ಬಾಯಿಲೆ ಈ ಕಟ್ಟಳಿ ಕೆಟ್ಟದ್ದನ್ಲಿ?"

ಗೊಡ್ಡಿ ಎನ್ನಿಸಿಕೊಂಡು ಸತ್ತ ಒಬ್ಬ ಚಿಕ್ಕಮ್ಮ ನನಗೂ ಇದ್ದಳು. ಇನ್ನೊಂದು ಬೆಳ್ಳುಳ್ಳಿ ಗಡ್ಡೆ ಎತ್ತಿಕೊಂಡೆ.

ಸತ್ವಾ

ಊರಿಂದ ತಂದ ಜರಿ ಸೀರೆಗೆ ರವಿಕೆ ಹೊಲಿಸಬೇಕಿತ್ತು. ದುಬೈಯ ಸತ್ವಾದಲ್ಲಿ ತನಗೆ ಗೊತ್ತಿರುವ ದರ್ಜಿ ಇದ್ದಾನೆ, ತಾನೂ ಬರುತ್ತೇನೆ ಎಂದಳು ಪೀರವ್ವ. ರಜೆಯ ದಿನ ಚಂದ್ರಶೇಖರ ಎಲ್ಲರನ್ನೂ ಕಾರಿನಲ್ಲಿ ತುಂಬಿಕೊಂಡು ಹೊರಟ. ಪೀರವ್ವನ ಜೊತೆ ಗುಲಾಬಿ ಬಂದಳು. ಏಳು ಮಕ್ಕಳಲ್ಲಿ ಹಿರಿಯಳು, ಹದಿನೈದು ತುಂಬಿದ ಹುಡುಗಿ. ಪೀರವ್ವನದೇ ಹುಬ್ಬು, ಪೀರವ್ವನದೇ ನಗು. ಯಾರ ಮಗಳೆಂದು ಕೇಳುವ ಅಗತ್ಯವೇ ಇರಲಿಲ್ಲ. ಹಾಗೆಯೇ ಚಿನ್ನಿಯ ಮುಖ ಸಣ್ಣವ್ವನದು.

ದಾರಿಯಲ್ಲಿ ನಾನು ಕನ್ನಡದಲ್ಲಿ ಕೇಳಿದರೆ ಅವಳು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದಳು. ಇಲ್ಲಿನ ಮಕ್ಕಳೆಲ್ಲ ಹಾಗೆಯೇ, ನನ್ನ ತಂಗಿಯ ಮಗಳೂ ಹಾಗೆಯೇ. ಶಾಲೆ ಯಾವುದು ಎಂದೆ. "ಐ ಡೋಂಟ್ ಗೋ ನೌ, ಆಂಟಿ," ಎಂದು ಕಿಟಕಿಯ ಕಡೆ ತಿರುಗಿದಳು.

ಸತ್ವಾ ನನಗೆ ಹಿಡಿಸಿತು. ಆಕಾಶ ಮುಟ್ಟುವ ಕಟ್ಟಡಗಳ ಬೆನ್ನಿಗೇ ಇಂಥ ಗಿಡ್ಡ ಗಿಡ್ಡ ಅಂಗಡಿಗಳು, ಗ್ಯಾರೇಜುಗಳು, ರಸ್ತೆಯಲ್ಲಿ ನಿಜವಾಗಿ ನಡೆದು ಹೋಗುವ ಮನುಷ್ಯರು. ದರ್ಜಿ ಹೈದರಾಬಾದಿನ ಮುದುಕ, ಅಳತೆ ಪಟ್ಟಿಯನ್ನು ಕೊರಳಿಗೆ ಹಾಕಿಕೊಂಡೇ ಚಹಾ ಕುಡಿಯುತ್ತಿದ್ದ. ನನ್ನ ರವಿಕೆಯ ಅಳತೆ ತೆಗೆಯುವಾಗ ಊಟ ಕಡಿಮೆ ಮಾಡಿ ಎಂದು ಹಿಂದಿಯಲ್ಲಿ ಉಪದೇಶ ಮಾಡಿದ. ನಾನೂ ಸುಮ್ಮನಿರಲಿಲ್ಲ, ನೀವು ಸಕ್ಕರೆ ಕಡಿಮೆ ಮಾಡಿ ಎಂದೆ.

ಆಮೇಲೆ ಪೀರವ್ವ ಚೀಲದಿಂದ ಹಸಿರು ರೇಷ್ಮೆ ತೆಗೆದಳು. ಗುಲಾಬಿ ಎರಡೂ ಕೈ ಚಾಚಿ ನಿಂತಳು. ದರ್ಜಿ ಅಳೆಯುತ್ತ, "ದುಲ್ಹನ್ ಯಾರು? ಇವಳ ಅಕ್ಕನಾ?" ಎಂದು ಕೇಳಿದ. ಪೀರವ್ವ ರೇಷ್ಮೆಯ ಮಡಿಕೆ ಸರಿಮಾಡಿದಳು. ಗುಲಾಬಿ ಚಾಚಿದ ಕೈ ಇಳಿಸಲಿಲ್ಲ. ಅವನಿಗೆ ತಿಳಿಯಿತು, ನನಗೂ ತಿಳಿಯಿತು. ಅವನು ಪಟ್ಟಿಯನ್ನು ಸುತ್ತಿ ಕೊರಳಿಗೆ ಹಾಕಿಕೊಂಡು, ಈ ವಾರ ಕೆಲಸ ಬಹಳ ಇದೆ, ಹೊಲಿಯಲಿಕ್ಕೆ ಆಗುವುದಿಲ್ಲ ಎಂದುಬಿಟ್ಟ. ಅಂಗಡಿಯಲ್ಲಿ ನಮ್ಮನ್ನು ಬಿಟ್ಟರೆ ಬೇರೆ ಗಿರಾಕಿ ಇರಲಿಲ್ಲ.

ಹೊರಗೆ ಬಂದು ಪೀರವ್ವನ ಕೈ ಹಿಡಿದು ಕೇಳಿದೆ. ಹೇಳಿದಳು. ಬರುವ ತಿಂಗಳು ಊರಿಗೆ ಕರೆದೊಯ್ಯುತ್ತಾರೆ. ಪಂಥದ ಗುರುಗಳ ತಮ್ಮನ ಒಲೆಗೆ ಗುಲಾಬಿಯನ್ನು ಕೊಡುವುದು. ಆತ ಗುಲಾಬಿಯ ಅಪ್ಪನಿಗಿಂತ ದೊಡ್ಡವನು. ಗುರುಗಳ ಮಾತು ಬಂದ ಮೇಲೆ ಶಾಲೆ ಬಿಡಿಸಿದ್ದಾರೆ.

"ನಿನಗ ಮನಸ್ಸೈತೇನು?" ಎಂದೆ.

"ನಾ ಯಾರ್ರೀ ಮನಸ್ಸಿಡಾಕ?" ಎಂದಳು ಪೀರವ್ವ. "ಬ್ಯಾಡ ಅನ್ನೂದು ಹೆತ್ತಾಕಿ ಅನಬೇಕು. ಹೆತ್ತಾಕಿ ಅನ್ಕೊಂಡ್ರ ನಾ ಒಲಿ ಬಿಡಬೇಕು. ಚಿನ್ನಿ ನನ್ನ ಮಗ್ಗಲದಾಗ ಬಿಟ್ರ ಯಾರ ಹಂತ್ಯಾಕೂ ಮಲಗೂದಿಲ್ರಿ."

ಬನಿಯಾಸಿನವರೆಗೆ ಪೀರವ್ವ ಹಸಿರು ರೇಷ್ಮೆಯ ಚೀಲವನ್ನು ತೊಡೆಯ ಮೇಲೆ ಹಿಡಿದೇ ಕೂತಿದ್ದಳು.

ಲಿಲ್ಲಿಯ ಅಡುಗೆಮನೆ

ನಾನು ಬಾಯಿ ತೆರೆಯುವ ಮೊದಲೇ ತಂಗಿ ಮಾತಿನ ಬಾಗಿಲು ಹಾಕಿದಳು. "ಅಕ್ಕಾ, ಇದು ಗದಗ ಅಲ್ಲ. ನೀ ನಾಳೆ ವಿಮಾನ ಹತ್ತಿ ಹೋಗ್ತಿ. ನಾವು ಇಲ್ಲೇ ಬಾಳ್ವೆ ಮಾಡಬೇಕು. ಯಾರ ಮನಿಗೆ ಪೊಲೀಸರು ಬಂದ್ರೂ ಇಡೀ ಕಂಪೌಂಡಿಗೆ ಹೆದರಿಕಿ." ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ಆದರೆ ನನಗೆ ನಿದ್ದೆಯೂ ಬರಲಿಲ್ಲ, ಅನ್ನವೂ ಸೇರಲಿಲ್ಲ.

ಕೆಳಗಿನ ಲಿಲ್ಲಿ ನನಗೆ ದಿನಾ ಸಂಜೆ ಚಹಾ ಕೊಡುತ್ತಿದ್ದಳು. ಅವಳಿಗೆ ಹೇಳಿದೆ. ಅವಳು ಏನು ಮಾಡುತ್ತಾಳೆ ಎಂದು ಗೊತ್ತಿದ್ದೇ ಹೇಳಿದೆ. ಲಿಲ್ಲಿ ಒಲೆ ಆರಿಸಿ ಎದುರಿಗೆ ಕೂತಳು.

"ನೀವು ಹೇಳಿಯಾಯ್ತಲ್ಲ ಟೀಚರ್, ಇನ್ನು ನನಗೆ ಸುಮ್ಮನೆ ಕೂತ್ಕೊಳ್ಳಿಕ್ಕೆ ಆಗುದಿಲ್ಲ. ಆಸ್ಪತ್ರೆಯಲ್ಲಿ ಕೆಲಸ ಮಾಡುವವರು ಗೊತ್ತಾದ ಮೇಲೆ ತಿಳಿಸ್ಲೇಬೇಕು, ಇಲ್ಲಿಯ ಕಾನೂನು ಹಾಗೆ. ಆದ್ರೆ ಎಂತ ಗೊತ್ತುಂಟಾ, ಆ ಹೆಂಗಸು ದಿನಾ ನನಗೆ ಕೊತ್ತಂಬರಿ ಸೊಪ್ಪು ಕೊಡ್ತಾಳೆ. ನಾಳೆಯಿಂದ ಅವಳ ಮುಖ ಹೇಗೆ ನೋಡುದು ಮಾರಾಯ್ರೆ?"

ನನ್ನ ಕಣ್ಣಮುಂದೆ ನಮ್ಮ ಜಿಲ್ಲೆಯ ಒಂದು ಬೆಳಿಗ್ಗೆ ಬಂತು. ಒಂದು ಹಟ್ಟಿಗೆ ಜೀಪುಗಳು ನುಗ್ಗಿ, ಒಬ್ಬ ಹುಡುಗಿಯ ಮದುವೆ ನಿಲ್ಲಿಸಲು ಹೋಗಿ, ಇದ್ದಬದ್ದ ಮಕ್ಕಳನ್ನೆಲ್ಲ ವ್ಯಾನಿಗೆ ಹತ್ತಿಸಿ ಬಾಲಮಂದಿರಕ್ಕೆ ತಂದಿದ್ದರು. ಮದುವೆ ನಿಂತಿತು. ಮೊಲೆ ಬಿಡದ ಕೂಸುಗಳನ್ನು ಹಿಂದಕ್ಕೆ ಕೊಡಿಸಲು ನಮ್ಮ ಸಮಿತಿ ತಿಂಗಳುಗಟ್ಟಲೆ ಒದ್ದಾಡಿತು. ಇಲ್ಲೂ ಹಾಗಾದರೆ ಚಿನ್ನಿಯ ಗತಿ ಏನು ಎಂಬ ಹೆದರಿಕೆ ನನಗೆ ಹತ್ತಿತು. ಲಿಲ್ಲಿ ಶಿಲುಬೆಯ ಗುರುತು ಮಾಡಿಕೊಂಡು ಫೋನ್ ಎತ್ತಿಕೊಂಡಳು.

ಬೇವಿನ ಕೆಳಗೆ

ಜೀಪು ಬರಲಿಲ್ಲ. ಒಂದು ಬಿಳಿ ಕಾರು ಬಂತು, ಅದರಿಂದ ಮಕ್ಕಳ ರಕ್ಷಣೆಯ ಇಲಾಖೆಯ ಇಬ್ಬರು ಹೆಂಗಸರು ಇಳಿದರು. ದೊಡ್ಡ ಅಧಿಕಾರಿ ಮರಿಯಂ, ಇದೇ ದೇಶದ ಹೆಣ್ಣುಮಗಳು, ನಲವತ್ತರ ಆಸುಪಾಸು. ಖರ್ಜೂರದ ಡಬ್ಬಿ ಹಿಡಿದು ಬಂದಿದ್ದಳು. ಹಿಂದಿನ ಮನೆಯ ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು ಚಾಪೆಯ ಮೇಲೆ ಕೂತಳು. ಮಕ್ಕಳ ಹೆಸರು ಕೇಳಿದಳು, ಹಲ್ಲು ನೋಡಿದಳು, ಕೊಟ್ಟ ಚಹಾ ಪೂರ್ತಿ ಕುಡಿದಳು. ಆಮೇಲೆ ಗುಲಾಬಿಯನ್ನು ಬೇವಿನ ಕೆಳಗೆ ಕರೆದೊಯ್ದು, ಯಾರನ್ನೂ ಹತ್ತಿರ ಬಿಡದೆ, ಬಹಳ ಹೊತ್ತು ಮಾತಾಡಿದಳು. ನಾವು ಮಹಡಿಯಿಂದ ನೋಡುತ್ತಿದ್ದೆವು. ಹುಡುಗಿ ಮೊದಲು ನೆಲ ನೋಡುತ್ತಿತ್ತು, ಆಮೇಲೆ ಕೈಯಾಡಿಸಿ ಮಾತಾಡತೊಡಗಿತು.

ಎರಡನೆಯ ಸಲ ಬಂದಾಗ ನನಗೂ ಕರೆ ಬಂತು. ಕಾರಣ ಹೇಳಿದರೆ ನಗಬೇಡಿ. ಪೀರವ್ವನ ಅಂಗಡಿಬೀದಿಯ ಹಿಂದಿ ಇದಕ್ಕೆ ಸಾಲದು ಎಂದು ಅವರು ಫೋನಿನಲ್ಲಿ ಕನ್ನಡದ ದುಭಾಷಿಯನ್ನು ಹಿಡಿದಿದ್ದರು. ದುಭಾಷಿ ಮಂಗಳೂರಿನವರು. "ನೀವು ಎಂತಕ್ಕೆ ಹೆದರುದು?" ಎಂದು ಅವರು ಕೇಳಿದರೆ ಪೀರವ್ವ ನನ್ನ ಮುಖ ನೋಡುತ್ತಾಳೆ. ಅವಳು ಗಡಿಯ ಕನ್ನಡದಲ್ಲಿ ಉತ್ತರಿಸಿದರೆ ಅವರು ಫೋನಿನಲ್ಲಿ ಹಾಂ ಹಾಂ ಎನ್ನುತ್ತ ಉಳಿಯುತ್ತಾರೆ. ಮರಿಯಂ ನನ್ನ ಕಡೆ ತಿರುಗಿ, ನೀವು ಇವರಿಬ್ಬರ ನಡುವೆ ಕೂರುತ್ತೀರಾ ಎಂದಳು. ಕನ್ನಡದಿಂದ ಕನ್ನಡಕ್ಕೆ ಅನುವಾದ ಮಾಡುವ ಭಾಗ್ಯ ಹೀಗೆ ಪರದೇಶದಲ್ಲಿ ಒದಗಿತು.

ಒಳಗೆ ಗುಲಾಬಿಯ ಅಪ್ಪ ಲಾಲಪ್ಪ ಗೋಡೆಗೆ ಒರಗಿ ಕೂತಿದ್ದ. ಸೋಫಾಗಳಿಗೆ ಬಟ್ಟೆ ಹೊಲಿಯುವ ಕಸುಬಿನವನು, ಬೆರಳ ತುದಿಯೆಲ್ಲ ಸೂಜಿಯ ಗಾಯ. ನಾನು ರಾಕ್ಷಸನೊಬ್ಬನನ್ನು ಕಲ್ಪಿಸಿಕೊಂಡು ಬಂದಿದ್ದೆ. ಅಲ್ಲಿ ಇದ್ದದ್ದು ಹೆದರಿದ ಮನುಷ್ಯ. ಅವನ ಪಕ್ಕದಲ್ಲಿ ಮೂವರು ಹೆಂಡತಿಯರು, ಬಾಗಿಲ ಬಳಿ ಗುಲಾಬಿ.

ಮರಿಯಂ ಸಾವಕಾಶ ಹೇಳಿದಳು. ಈ ವಯಸ್ಸಿನ ಹುಡುಗಿಗೆ ಮದುವೆ ನಮ್ಮಲ್ಲೂ ಇಲ್ಲ, ನಿಮ್ಮ ದೇಶದಲ್ಲೂ ಇಲ್ಲ. ಅವಳು ಶಾಲೆಗೆ ಹೋಗಬೇಕು. ನೀವು ಎಷ್ಟು ಮದುವೆಯಾಗಿದ್ದೀರಿ, ಯಾವ ದೇವರಿಗೆ ಕೈ ಮುಗಿಯುತ್ತೀರಿ ಎಂದು ಕೇಳಲು ನಾನು ಬಂದಿಲ್ಲ. ಈ ಹುಡುಗಿ ನನ್ನ ಕೆಲಸ.

ಲಾಲಪ್ಪ ಹೇಳಿದ. "ಗುರುಗಳು ಮಾತು ಕೊಟ್ಟಾರ್ರಿ ಮೇಡಂ. ನಾ ಇಲ್ಲ ಅಂದ್ರ ಊರಾಗ ನಮ್ಮ ಮನಿತನದ ಹೆಣ ಹೊರಾಕ ಯಾರೂ ಬರೂದಿಲ್ಲ. ಗುರುಗಳಿಗೆ ಏನಂತ ಹೇಳ್ಲಿ?"

"ನಮ್ಮ ಹೆಸರು ಹೇಳಿ," ಎಂದಳು ಮರಿಯಂ. "ಸರ್ಕಾರದವರು ಬಿಡಲಿಲ್ಲ ಅನ್ನಿ. ಬೈಗುಳ ನಮಗೇ ಬರಲಿ, ನಮಗೆ ಅಭ್ಯಾಸವಿದೆ."

ಲಾಲಪ್ಪನ ಹೆಗಲು ಇಳಿದದ್ದು ನನಗೆ ಕಂಡಿತು. ಇದನ್ನು ನಾನು ಊರಲ್ಲೂ ನೋಡಿದ್ದೇನೆ. ನಮ್ಮನ್ನು ಬಾಯಿಗೆ ಬಂದಂತೆ ಬೈದ ಎಷ್ಟೋ ಅಪ್ಪಂದಿರು ಒಳಗೊಳಗೆ ನಾವು ಬರಲಿ ಎಂದೇ ಕಾಯುತ್ತಿರುತ್ತಾರೆ. ತಾನು ಒಲ್ಲೆ ಎನ್ನಲಾರದವನಿಗೆ ಸರ್ಕಾರ ಒಂದು ಮರ್ಯಾದೆಯ ನೆಪ.

ಆದರೂ ಅವನ ಬಾಯಿಂದ ಇಲ್ಲ ಎಂಬ ಮಾತು ಬರಲಿಲ್ಲ. ಗುರುಗಳನ್ನು ಒಂದು ಮಾತು ಕೇಳುತ್ತೇನೆ ಎಂದ. ಅದಕ್ಕೆ ಮರಿಯಂ ಒಪ್ಪಲಿಲ್ಲ. "ಈ ಮನೆಯಲ್ಲಿ ಅವಳ ಪರವಾಗಿ ನಿಲ್ಲುವ ದೊಡ್ಡವರು ಒಬ್ಬರಿದ್ದರೆ ಹುಡುಗಿ ಇಲ್ಲೇ ಇರಲಿ. ನಾವು ವಾರವಾರ ಬಂದು ನೋಡುತ್ತೇವೆ. ಯಾರೂ ಇಲ್ಲದಿದ್ದರೆ ಇವತ್ತೇ ಅವಳನ್ನು ನಮ್ಮ ಆಶ್ರಯಕ್ಕೆ ಕರೆದೊಯ್ಯಬೇಕಾಗುತ್ತದೆ. ಅಪ್ಪ ಹೇಳಲಾರರು, ಸರಿ. ತಾಯಿ ಏನು ಹೇಳುತ್ತಾರೆ?"

ಮಂಗಳೂರಿನ ದನಿ ಫೋನಿನಲ್ಲಿ ಅದನ್ನು ಕನ್ನಡಕ್ಕೆ ತಂದಿತು. ನಾನು ನಮ್ಮ ಕನ್ನಡಕ್ಕೆ ತಂದೆ. ಮೂವರು ಹೆಂಗಸರೂ ಅಲುಗಾಡಲಿಲ್ಲ.

"ಪಾಸ್‌ಪೋರ್ಟಿನಲ್ಲಿ ತಾಯಿಯ ಹೆಸರಿದೆ, ನಾನು ಓದಿದ್ದೇನೆ," ಎಂದಳು ಮರಿಯಂ. "ಆದರೆ ನಾಳೆ ಯಾರಾದರೂ ಬಂದು ಹುಡುಗಿಯ ಕೈ ಹಿಡಿದರೆ ಹೆಸರು ಎದ್ದು ತಡೆಯುವುದಿಲ್ಲ. ತಾಯಿಯೇ ಹೇಳಬೇಕು."

ನಾನು ಅದನ್ನೂ ಹೇಳಿದೆ. ಮರಿಯಂಗೆ ಕಟ್ಟಳೆಯ ವಿಷಯ ಗೊತ್ತಿರಲಿಲ್ಲ. ಅದನ್ನೂ ನಾನೇ ಇಂಗ್ಲಿಷಿನಲ್ಲಿ ತಿಳಿಸಿದೆ. ಹೇಳಿದರೆ ಈಕೆ ಏನು ಕಳೆದುಕೊಳ್ಳುತ್ತಾಳೆ ಎಂದು ಒಂದೊಂದಾಗಿ ಹೇಳಿದೆ. ಅವಳು ಪೀರವ್ವನ ಕಡೆ ನೋಡಿದಳು, ಒತ್ತಾಯ ಮಾಡಲಿಲ್ಲ. ಹೊರಗೆ ಮಕ್ಕಳು ಆಡುವ ಸದ್ದು ಕೇಳುತ್ತಿತ್ತು. ಅದರಲ್ಲಿ ಚಿನ್ನಿಯದೇ ಜೋರು.

ಗುಲಾಬಿ ಒಳಗಿನ ಕೋಣೆಗೆ ಹೋಗಿ ಬಟ್ಟೆ ಚೀಲ ತಂದಳು. ಶಾಲೆಯ ಚೀಲವೇ, ಅದರಲ್ಲಿ ಎರಡು ಜೊತೆ ಬಟ್ಟೆ ತುರುಕಿದ್ದಳು. "ಇಟ್ಸ್ ಓಕೆ," ಎಂದಳು, ಯಾರಿಗೆ ಎಂದು ತಿಳಿಯಲಿಲ್ಲ. "ಐ ವಿಲ್ ಗೋ ವಿತ್ ದೆಮ್." ಅಲ್ಲಿಯವರೆಗೆ ಗಟ್ಟಿಯಾಗಿದ್ದ ಹುಡುಗಿಯ ದನಿ ಆ ಮಾತಿನ ಕೊನೆಗೆ ಒಡೆಯಿತು.

ಪೀರವ್ವ ಎದ್ದು ಹೋಗಿ ಆ ಚೀಲವನ್ನು ಕೈಯಿಂದ ತೆಗೆದುಕೊಂಡಳು.

"ನನ್ನ ಮಗಳು," ಎಂದಳು. "ನಾ ಹೆತ್ತೀನಿ. ಕಳಸೂದಿಲ್ಲ. ಊರಿಗೂ ಕಳಸೂದಿಲ್ಲ, ಇವರ ಜೋಡಿನೂ ಕಳಸೂದಿಲ್ಲ."

ಇದಕ್ಕೆ ಯಾವ ದುಭಾಷಿಯೂ ಬೇಕಾಗಲಿಲ್ಲ. ನನ್ನ ಕಣ್ಣು ತುಂಬಿ ಬಂದವು, ಸೆರಗಿನಲ್ಲಿ ಒರೆಸಿಕೊಂಡೆ. ಲಾಲಪ್ಪ ಮೊಣಕಾಲ ನಡುವೆ ತಲೆ ಇಟ್ಟುಕೊಂಡ. ಸಣ್ಣವ್ವ ಹೆದರಿ ದೊಡ್ಡವ್ವನ ಕಡೆ ನೋಡಿದಳು. ಆ ಮನೆಯಲ್ಲಿ ಕಟ್ಟಳೆಗೆ ಕಾವಲು ಅವಳೇ.

ದೊಡ್ಡವ್ವ ಬೈಯಲಿಲ್ಲ. "ಈಕಿ ಮೊದಲ ಹಲ್ಲು ಬಂದಾಗ ನನ್ನ ಬೆರಳ ಕಚ್ಚಿದ್ಲು," ಎಂದಳು, ಗುಲಾಬಿಯನ್ನು ನೋಡುತ್ತ. ಆಮೇಲೆ ಪೀರವ್ವನ ಕಡೆ ತಿರುಗಿ, "ಹಂಗಾರ ನಿನ್ನ ಒಲಿ ಇನ್ನ ಬ್ಯಾರೆ," ಎಂದು ಎದ್ದು ಒಳಗೆ ಹೋದಳು. ಒಂದೇ ಮಾತಿನಲ್ಲಿ ಅವಳೂ ಒಂದು ಮಗಳನ್ನು ಕಳೆದುಕೊಂಡಿದ್ದಳು. ಆ ಗಳಿಗೆಯಲ್ಲಿ ನನಗೆ ಯಾರ ಮೇಲೂ ಸಿಟ್ಟು ಬರಲಿಲ್ಲ.

ಕೊನೆಯ ವಾರ

ಗುರುಗಳ ಕಡೆಯಿಂದ ಫೋನಿನ ಮೇಲೆ ಫೋನು ಬಂದವಂತೆ. 'ಸರ್ಕಾರದವರು ಬಿಡಲಿಲ್ಲ' ಎಂದು ಲಾಲಪ್ಪ ಪ್ರತಿ ಸಲವೂ ಅದೇ ಮಾತು ಹೇಳಿದ. ಹೇಳಿ ಹೇಳಿ ಅವನ ದನಿಗೆ ಧೈರ್ಯ ಬಂತು ಎಂದು ಚಂದ್ರಶೇಖರ ನಗುತ್ತಿದ್ದ. ನನಗೂ ನಗು ಬಂತು. ಗುಲಾಬಿ ಶಾಲೆಗೆ ಹೋಗತೊಡಗಿದಳು. ಹಸಿರು ರೇಷ್ಮೆ ಏನಾಯಿತೋ ನಾನು ಕೇಳಲಿಲ್ಲ.

ಪೀರವ್ವ ಬೇವಿನ ಕೆಳಗೆ ಒಂದು ಸಣ್ಣ ಗ್ಯಾಸ್ ಒಲೆ ಹೂಡಿಕೊಂಡಳು. ಮಲಗುವುದು ಅದೇ ಮನೆಯಲ್ಲಿ, ಒಂದು ಮೂಲೆಯಲ್ಲಿ, ಗುಲಾಬಿಯ ಜೊತೆ. ಲಿಲ್ಲಿ ಮೊದಲ ದಿನವೇ ಅಂಗಳಕ್ಕೆ ಇಳಿದು, "ನಾನೇ ಹೇಳಿದ್ದು" ಎಂದು ಒಪ್ಪಿಕೊಂಡಳಂತೆ. ಪೀರವ್ವ ಅವಳಿಗೆ ಒಂದು ರೊಟ್ಟಿ ಹಾಕಿ ಕೊಟ್ಟಳು. ನಾನೂ ದಿನಾ ಹೋಗಿ ಉಂಡೆ, ತಂಗಿಯೂ ಬಂದಳು. ಹೊರಗಿನವರು ಎಷ್ಟು ಜನ ಉಂಡರೇನು, ಅವಳ ಕಣ್ಣು ಹಿಂದಿನ ಮನೆಯ ಬಾಗಿಲ ಮೇಲೆಯೇ ಇರುತ್ತಿತ್ತು. ಊಟದ ಹೊತ್ತಿಗೆ ಆ ಬಾಗಿಲು ಮುಚ್ಚುತ್ತಿತ್ತು.

ವಾರದ ಭೇಟಿಗೆ ಬಂದ ಮರಿಯಂಳನ್ನು ಗೇಟಿನ ಬಳಿ ತಡೆದು ಕೇಳಿದೆ, ಇದಕ್ಕೇನು ಮಾಡುತ್ತೀರಿ ಎಂದು. ಅವಳು ಆ ಒಂಟಿ ಒಲೆಯನ್ನು ನೋಡಿದಳು.

"ಮದುವೆಗೆ ಕಾನೂನಿದೆ, ಶಾಲೆಗೆ ಕಾನೂನಿದೆ," ಎಂದಳು. "ಯಾರು ಯಾರ ಕೈಯ ಅನ್ನ ಉಣ್ಣಬೇಕು ಎನ್ನುವುದಕ್ಕೆ ನನ್ನ ಬಳಿ ಕಾನೂನಿಲ್ಲ. ಇದ್ದಿದ್ದರೆ ನನ್ನ ತಾಯಿಗೇ ಮೊದಲು ಬೇಕಾಗಿತ್ತು." ಹೆಚ್ಚು ಹೇಳಲಿಲ್ಲ, ನಾನೂ ಕೆದಕಲಿಲ್ಲ. ಅಷ್ಟು ಹೇಳಿದ ಮೇಲೂ ಮತ್ತೆ ಒಳಗೆ ಹೋಗಿ ದೊಡ್ಡವ್ವನ ಬಳಿ ಚಾಪೆಯ ಮೇಲೆ ಕೂತು ಬಹಳ ಹೊತ್ತು ಮಾತಾಡಿದಳು. ಏನು ಮಾತಾಡಿದರೋ, ಯಾವ ಭಾಷೆಯಲ್ಲಿ ಮಾತಾಡಿದರೋ ನನಗೆ ತಿಳಿಯದು.

ನಾನು ಹೊರಡುವ ಬೆಳಿಗ್ಗೆ ಚಂದ್ರಶೇಖರ ಸೂಟ್‌ಕೇಸ್ ಕಾರಿಗೆ ಇಡುತ್ತಿದ್ದ. ಹೇಳಿಹೋಗಲು ಬೇವಿನ ಕೆಳಗೆ ಬಂದೆ. ಪೀರವ್ವ ರೊಟ್ಟಿ ಬಡಿಯುತ್ತಿದ್ದಳು, ಗೇಟಿನ ತನಕ ಬಂದು ಕಳಿಸುತ್ತೇನೆ ಎಂದಳು. ಶಾಲೆಯ ಬಸ್ಸು ಗೇಟಿನ ಹೊರಗೆ ನಿಂತಿತು. ಸಮವಸ್ತ್ರ ತೊಟ್ಟ ಗುಲಾಬಿ ಬಗ್ಗಿ ಒಂದು ಚೂರು ರೊಟ್ಟಿ ಬಾಯಿಗೆ ಹಾಕಿಕೊಂಡಳು. "ಅವ್ವಾ, ಬರ್ತೀನಿ," ಎಂದು ಓಡಿದಳು. ಹುಟ್ಟಿದಾಗಿನಿಂದ ನಡುವಿನವ್ವ ಎಂದೇ ಕರೆದು ರೂಢಿಯಾದ ಹುಡುಗಿ, ಬರೀ ಅವ್ವಾ ಎಂದಳು. ಪೀರವ್ವ ಬಸ್ಸು ಮರೆಯಾಗುವವರೆಗೆ ಅತ್ತಲೇ ನೋಡಿದಳು. ಅಂಥ ಸಂತೋಷವನ್ನು ನಾನು ಒಂದು ಮುಖದ ಮೇಲೆ ಇಷ್ಟು ಹತ್ತಿರದಿಂದ ಕಂಡದ್ದು ಕಡಿಮೆ.

ಹಿಂದಿನ ಮನೆಯ ಬಾಗಿಲು ತೆರೆದಿತ್ತು. ಹೊಸ್ತಿಲ ಮೇಲೆ ದೊಡ್ಡವ್ವ ಚಿನ್ನಿಯನ್ನು ಮುಂದೆ ಕೂರಿಸಿಕೊಂಡು ಜಡೆ ಹೆಣೆಯುತ್ತಿದ್ದಳು. ಹೆಣೆದಾದ ಮೇಲೆ ಮಗುವಿನ ಕಿವಿಯಲ್ಲಿ ಏನೋ ಹೇಳಿ, ಬೆನ್ನ ಮೇಲೆ ಕೈಯಿಟ್ಟು ಮುಂದೆ ಕಳಿಸಿದಳು. ಚಿನ್ನಿ ಒಲೆಯಿಂದ ಮಾರು ದೂರದಲ್ಲಿ ಬಂದು ನಿಂತಿತು. ಮನೆಯಲ್ಲಿ ಹೇಳಿಕೊಟ್ಟದ್ದು ತಪ್ಪಬಾರದೆಂದು ಒಂದೊಂದೇ ಮಾತು ಹುಡುಕಿ ಆಡಿತು.

"ಪೀರವ್ವಾ, ನಿನ್ನ ರೊಟ್ಟಿ ನಾ ತಿನ್ನೂ ಹಂಗಿಲ್ಲಂತ. ನಿನ್ನ ಜೋಡಿ ಗೇಟಿನ ತನಕ ಬರಬಹುದಂತ."

ಪೀರವ್ವನ ಕೈ ಹಿಟ್ಟಿನಲ್ಲಿ ನಿಂತಿತು. ಆ ಮನೆಯ ಯಾವ ಮಗುವೂ ಅದುವರೆಗೆ ಅವಳ ಹೆಸರು ಹಿಡಿದು ಕರೆದಿರಲಿಲ್ಲ. ಅವಳು ಒಲೆ ಆರಿಸಿದಳು. ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಎದ್ದಳು.

"ಬಾ," ಎಂದು ಚಿನ್ನಿಗೆ ಕೈ ಚಾಚಿದಳು.